ಶ್ರಾವಣ ಬರೋದ್ರೊಳಗೆ ಒಂದು ಮಾತು: ವಾಲಗದವ್ರನ್ನ ನೆಂಟರ ಲೆಕ್ಕಕ್ಕೆ ಸೇರಿಸಬೇಡಿ

ಮಾನ್ಯ ಸಂಪಾದಕರಿಗೆ ನಮಸ್ಕಾರ,

ಹೋದ ವಾರ ನಿಮ್ಮ ಓದುಗರ ಪತ್ರದ ಕಾಲಂನಲ್ಲಿ ಒಬ್ಬರು ಬರೆದಿದ್ರು, ಕೊರೊನಾ ಹೋದ ಮೇಲೂ ಮದುವೆಗೆ ಐವತ್ತೇ ಜನ ಅನ್ನೋ ರೂಲ್ಸ್ ಖಾಯಂ ಮಾಡ್ಬಿಡಿ, ಹೆಣ್ಣು ಹೆತ್ತವರ ಸಾಲ ತಪ್ಪುತ್ತೆ, ಆಡಂಬರ ನಿಲ್ಲುತ್ತೆ ಅಂತ. ಓದಿದ ತಕ್ಷಣ ಹೌದಲ್ವಾ ಅನ್ನಿಸ್ತು, ಸುಳ್ಳು ಹೇಳಲ್ಲ. ಆಮೇಲೆ ರಾತ್ರಿ ಗಲ್ಲಾ ಲೆಕ್ಕ ಮಾಡ್ತಾ ಕೂತಾಗ ನಮ್ಮನೆ ಮದುವೆ ನೆನಪಾಗಿ, ಇಲ್ಲ, ಇದಕ್ಕೆ ಎರಡು ಮಾತು ಬರೀಲೇಬೇಕು ಅನ್ನಿಸ್ತು. ಈಗ ಹೇಗೂ 2021ರ ಆಷಾಢ, ಅಂಗಡಿಗೆ ಮದುವೆ ಸಾಮಾನಿನ ಪಟ್ಟಿ ಬರಲ್ಲ, ಬರೆಯೋಕೆ ಟೈಮಿದೆ.

ನಂದು ತುಮಕೂರು ಜಿಲ್ಲೆ, ತೆಂಗಿನ ಸೀಮೆ. ದಿನಸಿ ಅಂಗಡಿ ಇಟ್ಟು 26 ವರ್ಷ ಆಯ್ತು. ಮಗಳ ಮದುವೆ ಈ ವರ್ಷ ಮೇ 14ರ ಶುಕ್ರವಾರ ಆಯ್ತು, ಅಕ್ಷಯ ತೃತೀಯ, ಬಸವ ಜಯಂತಿ, ನಮ್ಮ ಕಡೆ ರಂಜಾನ್ ಹಬ್ಬಾನೂ ಅವತ್ತೇ. ಯಾಕೆ ಅಂಥಾ ಟೈಮಲ್ಲಿ ಇಟ್ಕೊಂಡ್ರಿ ಅಂತ ಕೇಳೋರು ಇದ್ದಾರೆ, ಬೆಂಗಳೂರಿನ ನೆಂಟರಂತೂ ಫೋನಲ್ಲೇ ಬೈದ್ರು. ಆದ್ರೆ ಜನವರಿಯಿಂದ ಏಪ್ರಿಲ್ ಮಧ್ಯದವರೆಗೆ ಗುರು ಅಸ್ತ ಶುಕ್ರ ಅಸ್ತ ಅಂತ ಒಳ್ಳೆ ಮುಹೂರ್ತಗಳೇ ಇರ್ಲಿಲ್ಲ, ಇದ್ದಬದ್ದ ಮದುವೆಗಳೆಲ್ಲ ಏಪ್ರಿಲ್ ಕೊನೆಯಿಂದ ಮೇ ತಿಂಗಳಿಗೆ ಬಂದು ಬಿದ್ದಿದ್ವು, ಸರಿಯಾಗಿ ಅದೇ ಹೊತ್ತಿಗೆ ಎರಡನೇ ಅಲೆ. ನಾವು ಫೆಬ್ರವರೀಲಿ ಛತ್ರ ಬುಕ್ ಮಾಡಿದಾಗ ಯಾರ ಮೂತಿ ಮೇಲೂ ಮಾಸ್ಕ್ ಇರ್ಲಿಲ್ಲ, ಛತ್ರದ ಮ್ಯಾನೇಜರ್ ಮಾಸ್ಕ್‌ನ ಗದ್ದಕ್ಕೆ ಹಾಕ್ಕೊಂಡು ಅಡಿಕೆ ಅಗೀತಿದ್ದ.

ಏಪ್ರಿಲ್ 21ರಿಂದ ನೈಟ್ ಕರ್ಫ್ಯೂ, ವೀಕೆಂಡ್ ಕರ್ಫ್ಯೂ, ಮದುವೆಗೆ 50 ಜನ. 27ರ ರಾತ್ರಿಯಿಂದ ಹದಿನಾಲ್ಕು ದಿನದ ಕರ್ಫ್ಯೂ. ಮೇ 10ರಿಂದ ಪೂರ್ತಿ ಲಾಕ್‌ಡೌನ್, ಅಂಗಡಿ ಬೆಳಗ್ಗೆ 6ರಿಂದ 10, ಜಿಲ್ಲೆ ದಾಟೋ ಹಾಗಿಲ್ಲ, ಮೊದಲೇ ಗೊತ್ತಾಗಿರೋ ಮದುವೆ ಮಾತ್ರ ಮಾಡ್ಬಹುದು. ಮಧ್ಯದಲ್ಲಿ ಚಾಮರಾಜನಗರದ ಆಸ್ಪತ್ರೆ ಸುದ್ದಿ ಟಿವೀಲಿ ಬಂತಲ್ಲ, 24 ಜನ ಹೋದ್ರು ಅಂತ, ಅವತ್ತು ನಮ್ಮನೆಯವಳು ರುಬ್ಬೋದು ನಿಲ್ಲಿಸಿ ಈ ಮದುವೇನೇ ಬೇಡ ಮುಂದಕ್ಕೆ ಹಾಕಿ ಅಂದ್ಬಿಟ್ಲು. ಬೀಗರ ಮನೇಲಿ ಹುಡುಗನ ಅಜ್ಜಿಗೆ ಹುಷಾರಿರ್ಲಿಲ್ಲ (ಕೊರೊನಾ ಅಲ್ಲ, ವಯಸ್ಸಿನ ಕಾಯಿಲೆ), ಅವರು ಕಣ್ಮುಚ್ಚೋದ್ರೊಳಗೆ ಆಗ್ಲಿ, ಇಲ್ಲಾಂದ್ರೆ ಒಂದು ವರ್ಷ ಕಾಯ್ಬೇಕಾಗುತ್ತೆ ಅಂತ ಅವರದ್ದು. ಸರಿ ಅಂತ ಒಪ್ಕೊಂಡ್ವಿ. ಛತ್ರದವರು ಕೇಸ್ ಬೀಳುತ್ತೆ ಅಂತ ಕೈ ಎತ್ತಿದ್ರು, ಮನೆ ಮುಂದೇನೇ ಚಪ್ಪರ.

ಈಗ ನಾನು ಹೇಳ್ಬೇಕಿರೋ ವಿಷಯಕ್ಕೆ ಬರ್ತೀನಿ. ಐವತ್ತು ಅಂದ್ರೆ ಐವತ್ತು ನೆಂಟರು ಅಂತ ನಾವು ಅಂದ್ಕೊಂಡಿದ್ವಿ. ತಾಲ್ಲೂಕು ಆಫೀಸಿಗೆ ಪರ್ಮಿಶನ್ ಕೇಳೋಕೆ ಹೋದಾಗ, ಪುರೋಹಿತರಿಂದ ಹಿಡಿದು ಪಾತ್ರೆ ತೊಳೆಯೋರವರೆಗೆ ಚಪ್ಪರದೊಳಗೆ ಯಾರ್ ಯಾರು ಬರ್ತಾರೋ ಎಲ್ಲಾ ಸೇರಿ ಐವತ್ತು, ಹೆಸರು, ಆಧಾರ್ ನಂಬರ್ ಬರ್ಕೊಂಡು ಬನ್ನಿ ಅಂದ್ರು. ಹೇಳಿದ ಹುಡುಗ ಪಾಪ ಮರ್ಯಾದೆಯಿಂದಾನೇ ಹೇಳ್ದ, ಅವನಿಗೂ ಮೇಲಿಂದ ಹಂಗೇ ಹೇಳಿರ್ತಾರೆ.

ಅವತ್ತು ರಾತ್ರಿ ಊಟ ಆದ್ಮೇಲೆ ನಾನು, ನನ್ನ ಹೆಂಡ್ತಿ, ನನ್ನ ತಮ್ಮ ಮೂವರೂ ನನ್ನ ಮಗನ ರೂಲ್ಡ್ ನೋಟ್‌ಬುಕ್ ತಗೊಂಡು ಪೆನ್ಸಿಲ್ ಹಿಡಿದು ಕೂತ್ವಿ. ಪುರೋಹಿತರು ಇಬ್ಬರು. ಅಡುಗೆ ಭಟ್ಟರು ಮೂರು, ಬಡಿಸೋ ಹುಡುಗರು ಎರಡು. ಫೋಟೋ ಒಬ್ಬ, ವಿಡಿಯೋ ಒಬ್ಬ. ವಾಲಗದವರು ಐದು ಜನ, ನಾದಸ್ವರ ಎರಡು, ಡೋಲು ಎರಡು, ತಾಳಕ್ಕೆ ಒಬ್ಬ ಹುಡುಗ. ಅಲ್ಲಿಗೆ ಹದಿನಾಲ್ಕು. ಬೀಗರು ನಮಗೆ ಇಪ್ಪತ್ತೆರಡು ಬೇಕೇ ಬೇಕು ಅಂದಿದ್ರು, ಮೂವತ್ತಾರು. ನಮ್ಮನೇಲಿ ಐದು, ತಮ್ಮನ ಮನೇಲಿ ನಾಲ್ಕು, ನಲವತ್ತೈದು. ಉಳಿದಿದ್ದು ಐದು. ನನಗೆ ಇಬ್ಬರು ತಂಗಿಯರು, ಭಾವಂದಿರು, ನನ್ನ ಹೆಂಡ್ತಿಗೆ ಅಕ್ಕ, ಅಕ್ಕನ ಮನೆಯವರು, ಒಬ್ಬ ತಮ್ಮ, ಅವನೇ ನನ್ನ ಮಗಳಿಗೆ ಸೋದರಮಾವ, ಆಮೇಲೆ ನನ್ನನ್ನ ಓದಿಸಿದ ದೊಡ್ಡಪ್ಪ ದೊಡ್ಡಮ್ಮ. ಐದರಲ್ಲಿ ಇವರನ್ನೆಲ್ಲ ಎಲ್ಲಿ ತುರುಕೋದು.

ರಬ್ಬರ್ ಮೊದಲು ಯಾರ ಮೇಲೆ ಬಿತ್ತು ಗೊತ್ತಾ ಸಾರ್? ವಾಲಗದವರ ಮೇಲೆ. ಒಂದೇ ಏಟಿಗೆ ಐದು ಸೀಟು ಖಾಲಿ ಆಗುತ್ತಲ್ಲ. ಆಮೇಲೆ ವಿಡಿಯೋ ಹುಡುಗ. ಆಮೇಲೆ ಬಡಿಸೋ ಇಬ್ಬರು, ನಾವೇ ಬಡಿಸ್ಕೊಳ್ಳೋಣ ಬಿಡಿ ಅಂತ ತಮ್ಮ ಅಂದ. ಎಂಟು ಜನ ಹೋದ್ರು. ಇದನ್ನ ಅಳಿಸುವಾಗ ನನಗೆ ಒಂದು ಚೂರೂ ಕಷ್ಟ ಆಗ್ಲಿಲ್ಲ, ಅದನ್ನೇ ನಾನು ಈಗ ಯೋಚ್ನೆ ಮಾಡ್ತಿರೋದು. ದೊಡ್ಡಪ್ಪನ ಹೆಸರು ಬರೆಯೋದೋ ಬೇಡ್ವೋ ಅಂತ (ಅವರಿಗೆ 74, ವಯಸ್ಸಾದೋರು ಬರಬಾರ್ದು ಅಂತ ಹೋದ ವರ್ಷದಿಂದ ಹೇಳ್ತಾನೇ ಇದಾರಲ್ಲ) ಅರ್ಧ ಗಂಟೆ ಕೂತ್ವಿ, ಅವರ ಹೆಸರು ಬರೆದು ಅಳಿಸಿ ಬರೆದು ಅಳಿಸಿ ಪೇಪರ್ ತೂತಾಯ್ತು. ವಾಲಗದವರದ್ದಕ್ಕೆ ಅರ್ಧ ನಿಮಿಷಾನೂ ಹಿಡೀಲಿಲ್ಲ.

ಎಲ್ಲಾ ಆಗಿ ಕೊನೆಗೆ ಒಂದೇ ಒಂದು ಸೀಟು ಉಳೀತು. ನಮ್ಮ ಬೀದೀಲಿ ನಲವತ್ತು ಮನೆ. ನಲವತ್ತು ಮನೆಗೆ ಒಂದು ಸೀಟು! ಅದನ್ನ ಮಗಳು ತನ್ನ ಫ್ರೆಂಡ್‌ಗೆ ಅಂತ ಇಸ್ಕೊಂಡ್ಲು, ನಾನು ತುಟಿ ಪಿಟಕ್ಕೆನ್ನಲಿಲ್ಲ, ಯಾರಿಗೆ ಕೊಟ್ರೂ ಮೂವತ್ತೊಂಬತ್ತು ಮನೆ ಹತ್ರ ನಿಷ್ಠುರ.

ಮದುವೆ ದಿನದ ಕತೆ ಚಿಕ್ಕದು. ಬೆಳಗ್ಗೆ ಐದಕ್ಕೆ ಹೂವಿನೋಳು ಗೋಣಿಚೀಲದಲ್ಲಿ ಬಚ್ಚಿಟ್ಕೊಂಡು ಹಾರ ತಂದ್ಲು, ಹೂವಿನ ಹಾರ ತರೋದನ್ನ ಏನೋ ಕಳ್ಳಮಾಲು ಸಾಗಿಸೋ ಥರ. ಬೀಗರು ಅದೇ ಜಿಲ್ಲೆಯವರಾಗಿದ್ದಕ್ಕೆ ಬಂದ್ರು. ಬೆಂಗಳೂರಲ್ಲಿರೋ ಸೋದರಮಾವ ಬರೋಕಾಗ್ಲಿಲ್ಲ, ಲಿಸ್ಟಲ್ಲಿ ಅವನ ಹೆಸರು ಅವನ ಹೆಂಡ್ತಿ ಹೆಸರು ಇದ್ರೂ ಪ್ರಯೋಜನ ಇಲ್ಲ, ಸೊಸೆಯನ್ನ ಹಸೆಮಣೆಗೆ ಕರ್ಕೊಂಡು ಬರಬೇಕಾದೋನು ವಿಡಿಯೋ ಕಾಲಲ್ಲಿ "ನಿಧಾನ ನಡಿಯಮ್ಮ, ಸೀರೆ ಎಡವ್ತೀಯ" ಅಂತಿದ್ದ. ನನ್ನ ತಮ್ಮ ಒಂದು ಕೈಲಿ ಮಗಳ ಕೈ, ಇನ್ನೊಂದು ಕೈಲಿ ಆ ಫೋನು ಹಿಡ್ಕೊಂಡು ಕರ್ಕೊಂಡು ಬಂದ. ಎಲ್ಲರೂ ನಗ್ತಿದ್ರು, ನನ್ನ ಹೆಂಡ್ತಿ ಮಾತ್ರ ಸೆರಗು ಬಾಯಿಗಿಟ್ಕೊಂಡು ಆ ಕಡೆ ತಿರುಗಿದ್ಲು, ಅವಳ ತಮ್ಮ ಅಲ್ವಾ.

ವಾಲಗ ಇಲ್ಲದೆ ತಾಳಿ ಕಟ್ಟಿಸೋದು ಹೇಗೆ ಅಂತ ನನ್ನ ಮಗ ಒಂದು ಬ್ಲೂಟೂತ್ ಸ್ಪೀಕರ್ ತಂದಿಟ್ಟಿದ್ದ, ಮೊಬೈಲಲ್ಲಿ ನಾದಸ್ವರ ಹಾಕಿದ್ದ. ಪುರೋಹಿತರು ಗಟ್ಟಿಮೇಳ ಗಟ್ಟಿಮೇಳ ಅಂತ ಕೈ ಎತ್ತಿದ್ರು, ಸರಿಯಾಗಿ ಆ ಹೊತ್ತಿಗೆ ನಾದಸ್ವರ ನಿಂತು ಯಾವುದೋ ಆನ್‌ಲೈನ್ ಪಾಠದ ಜಾಹೀರಾತು ಶುರುವಾಯ್ತು, ನಿಮ್ಮ ಮಗು ಗಣಿತದಲ್ಲಿ ಹಿಂದೆ ಬಿದ್ದಿದೆಯಾ ಅಂತ. ಐದು ಸೆಕೆಂಡ್ ಆದ್ಮೇಲೆ ಸ್ಕಿಪ್ ಮಾಡ್ಬೇಕಂತೆ, ಆ ಐದು ಸೆಕೆಂಡಲ್ಲಿ ಅಳಿಯಂದ್ರು ಎರಡು ಗಂಟು ಹಾಕಿ ಮುಗಿಸಿದ್ರು. ಮೂರನೇ ಗಂಟಿಗೆ ವಾಲಗ ವಾಪಸ್ ಬಂತು. ಈಗ ಹೇಳಿದ್ರೆ ನಗು ಬರುತ್ತೆ, ಅವತ್ತು ನನ್ನ ತಾಯಿ ಮುಖ ನೋಡ್ಬೇಕಿತ್ತು ನೀವು. ಕೆಟ್ಟ ಸದ್ದು ಯಾರ ಕಿವಿಗೂ ಬೀಳಬಾರ್ದು ಅಂತಲೇ ಆ ಹೊತ್ತಲ್ಲಿ ಗಟ್ಟಿಮೇಳ ಬಾರಿಸೋದು, ನಮ್ಮಲ್ಲಿ ಬಿದ್ದಿದ್ದು ಗಣಿತ.

ಅಕ್ಷತೆ ಹಾಕೋಕೆ ಬೀದಿಯವರು ಅವರವರ ಮನೆ ತಾರಸಿ ಮೇಲೆ ನಿಂತಿದ್ರು. ಎದುರುಗಡೆ ಮನೆಯಿಂದ ಎಸೆದ ಅಕ್ಷತೆ ಚಪ್ಪರದವರೆಗೂ ಬರದೆ ರಸ್ತೆ ಮೇಲೆ ಬಿತ್ತು, ಕೋಳಿಗಳು ಬಂದು ಹೆಕ್ಕಿದ್ವು. ಊಟಾನ ನಾವೇ ಕ್ಯಾರಿಯರ್‌ಗಳಲ್ಲಿ ತುಂಬಿ ಮನೆ ಮನೆಗೂ ಕಳಿಸಿದ್ವಿ, ಮೂಲೆ ಮನೆ ಸಾಬರು ಹಬ್ಬದ ಶ್ಯಾವಿಗೆ ಪಾಯಸ ಸುರಕುಂಬಾನ ಅದೇ ಕ್ಯಾರಿಯರ್‌ನಲ್ಲಿ ತುಂಬಿ ವಾಪಸ್ ಕೊಟ್ರು. ಇದಕ್ಕೂ ರೂಲ್ಸ್ ಒಪ್ಪುತ್ತೋ ಇಲ್ವೋ ನಾನು ಕೇಳಕ್ಕೆ ಹೋಗ್ಲಿಲ್ಲ.

ಈಗ ಆ ಪತ್ರ ಬರೆದ ಓದುಗರ ಸಾಲದ ಮಾತು. ಖರ್ಚು ಉಳೀತು, ನಿಜ. ಆರು ಲಕ್ಷ ಅಂದ್ಕೊಂಡಿದ್ದು ಒಡವೆ ಬಿಟ್ಟು ಒಂದು ಲಕ್ಷ ನಲವತ್ತು ಸಾವಿರದಲ್ಲಿ ಮುಗೀತು, ಉಳಿದಿದ್ರಲ್ಲಿ ಎರಡು ಲಕ್ಷ ಮಗಳ ಹೆಸರಲ್ಲಿ ಎಫ್‌ಡಿ ಇಟ್ಟೆ. ಆದ್ರೆ ನಮ್ಮ ಕಡೆ ಮುಯ್ಯಿ ಅಂತ ಒಂದಿದೆ, ಸಿಟಿಯವರಿಗೆ ಅದು ಬರೀ ಕವರು ಗಿಫ್ಟು ಅನ್ಸುತ್ತೆ. ನನ್ನ ಹತ್ರ ನಮ್ಮಪ್ಪನ ಕಾಲದ ಮುಯ್ಯಿ ಪುಸ್ತಕ ಇದೆ, ಯಾರ್ಯಾರು ಎಷ್ಟೆಷ್ಟು ಹಾಕಿದ್ರು, ನಾವು ಯಾರ ಮನೆಗೆ ಎಷ್ಟು ತಿರುಗಿಸಿದ್ವಿ ಅಂತ ಪೈಸೆ ಲೆಕ್ಕ. ಅದು ಬಡ್ಡಿ ಇಲ್ಲದ ಚೀಟಿ ಸಾರ್. ಇಪ್ಪತ್ತು ವರ್ಷ ನಾನು ಊರವರ ಮದುವೇಲಿ ಐವತ್ತೊಂದು, ನೂರೊಂದು, ಐನೂರೊಂದು ಅಂತ ಹಾಕ್ಕೊಂಡು ಬಂದಿದ್ದು ನನ್ನ ಮಗಳ ಮದುವೇಲಿ ಒಟ್ಟಿಗೆ ವಾಪಸ್ ಬರಬೇಕಿತ್ತು. ಊರನ್ನೇ ಕರೀಲಿಲ್ಲ ಅಂದ್ಮೇಲೆ ಯಾವ ಬಾಯಲ್ಲಿ ಮುಯ್ಯಿ ಕೇಳೋದು. ಹುಡುಗರು ಕೆಲವರು ಫೋನ್‌ಪೇ ಮಾಡಿದ್ರು, ಒಬ್ಬ 101 ಕಳಿಸಿ ಜೊತೆಗೊಂದು ಕೈ ಮುಗಿಯೋ ಚಿತ್ರ. ವಯಸ್ಸಾದೋರಿಗೆ ಅದು ಬರಲ್ಲ, ಅಂಗಡಿಗೆ ಬಂದಾಗ ಸಕ್ಕರೆ ತಗೊಂಡು ದುಡ್ಡು ಎಣಿಸುವಾಗ ಹೆಚ್ಚಿಗೆ ಐವತ್ತೊಂದು ರೂಪಾಯಿ ಗಲ್ಲಾ ಮೇಲಿಟ್ಟು ಏನೂ ಹೇಳದೆ ಹೋದೋರೂ ಇದಾರೆ. ಆ ಥರ ಬಂದಿದ್ದು ಹನ್ನೊಂದು ಮನೆ, ಪುಸ್ತಕದಲ್ಲಿರೋದು ಮುನ್ನೂರು ಚಿಲ್ಲರೆ ಮನೆ. ದುಡ್ಡು ಉಳಿದವರಿಗೆ ಉಳೀತು, ಸಣ್ಣ ಸಂಬಳದವರು ಮುಯ್ಯಿ ನಂಬ್ಕೊಂಡೇ ಸಾಲ ತೀರಿಸೋದು, ಅವರಿಗೆ ಐವತ್ತು ಜನದ ಮದುವೆ ಅಗ್ಗ ಆಗಿ ಕಾಣಿಸಿದ್ರೂ ಲೆಕ್ಕ ಹಾಕಿದ್ರೆ ಅಷ್ಟು ಅಗ್ಗ ಅಲ್ಲ.

ಸರಳ ಮದುವೆ ಬೇಡ ಅಂತ ನಾನು ಹೇಳ್ತಿಲ್ಲ. ಕುವೆಂಪು ಅವ್ರು ಮಂತ್ರಮಾಂಗಲ್ಯ ಅಂತ ತೋರಿಸ್ಕೊಟ್ರು, 1966ರಲ್ಲಿ ತಮ್ಮ ಮಗ ತೇಜಸ್ವಿ ಅವರ ಮದುವೇನೂ ಹಾಗೇ ಮಾಡಿದ್ರು. ಧರ್ಮಸ್ಥಳದಲ್ಲಿ 1972ರಿಂದ ಸಾಮೂಹಿಕ ವಿವಾಹ ಮಾಡ್ಸಿಕೊಂಡು ಬಂದಿದ್ದಾರೆ. ಸರ್ಕಾರಾನೇ ಹೋದ ವರ್ಷ ಮುಜರಾಯಿ ದೇವಸ್ಥಾನಗಳಲ್ಲಿ ಸಪ್ತಪದಿ ಅಂತ ಸಾಮೂಹಿಕ ಮದುವೆ ಶುರು ಮಾಡೋಕೆ ಹೊರಟಿತ್ತು, ಮೊದಲ ದಿನ ಅಂತ ಇಟ್ಟಿದ್ದು 2020ರ ಏಪ್ರಿಲ್ 26, ಆ ಅಕ್ಷಯ ತೃತೀಯಾನೂ ಲಾಕ್‌ಡೌನಲ್ಲೇ ಹೋಯ್ತು. ಅವೆಲ್ಲ ಮಾಡೋರು ಮನಸ್ಸಿಟ್ಟು ಮಾಡೋ ಕೆಲಸ. ನಮ್ಮದು ಆ ಥರ ಅಲ್ಲ, ನಮ್ಮದು ರಬ್ಬರ್ ಹಿಡ್ಕೊಂಡು ಮಾಡಿದ ಸರಳ ಮದುವೆ. ರೂಲ್ಸ್ ತಪ್ಪಿಸ್ಕೊಳ್ಳೋಕೆ ದುಡ್ಡಿದ್ದೋರಿಗೆ ದಾರಿ ಇರ್ತಾವೆ ಅನ್ನೋದೂ ನೋಡಿದ್ವಿ, ಮೇ 23ಕ್ಕೆ ಮದುರೈಯಿಂದ ಬೆಂಗಳೂರು ಕಡೆ ಹೊರಟ ಬಾಡಿಗೆ ವಿಮಾನದಲ್ಲೇ ತಾಳಿ ಕಟ್ಟಿದ್ರಲ್ಲ, ಮಾಸ್ಕ್ ಇಲ್ಲದೆ ಜನ ಸೀಟಿಂದ ಎದ್ದು ನಿಂತಿರೋ ವಿಡಿಯೋ ನಮ್ಮ ಅಂಗಡಿಗೆ ಬಂದೋರೆಲ್ಲ ತೋರಿಸಿದ್ರು. ಆಮೇಲೆ ವಿಮಾನದ ಸಿಬ್ಬಂದಿಯನ್ನ ಡ್ಯೂಟಿಯಿಂದ ತೆಗೆದ್ರು ಅಂತ ಓದಿದೆ. ಅಲ್ಲೂ ನೋಡಿ, ಮೊದಲು ಏಟು ಬಿದ್ದಿದ್ದು ಕೆಲಸಕ್ಕೆ ಬಂದೋರಿಗೆ.

ರೋಗದ ಲೆಕ್ಕದಲ್ಲಿ ಐವತ್ತು ಸರಿ, ನನಗೆ ತಕರಾರಿಲ್ಲ. ನಮ್ಮ ಹತ್ತಿರದ ಹಳ್ಳೀಲಿ ಒಬ್ಬರು ಬೆಳಗ್ಗೆ ಐವತ್ತು ಜನ ತೋರಿಸಿ ಸಂಜೆ ತೋಟದಲ್ಲಿ ಊರಿಗೆಲ್ಲ ಬಾಡೂಟ ಹಾಕಿದ್ರು, ಹದಿನೈದು ದಿನದಲ್ಲಿ ಆ ಬೀದೀಲಿ ಏನಾಯ್ತು ಅಂತ ನಮಗೆ ಗೊತ್ತು. ನಾನು ಕೇಳ್ತಿರೋದು ಬೇರೆ. ನೆಂಟರಿಗೆ ಒಂದು ಲೆಕ್ಕ ಇಡಿ, ಕೆಲಸದವರಿಗೆ ಒಂದು ಲೆಕ್ಕ ಇಡಿ. ನಲವತ್ತು ನೆಂಟರು, ಅದರ ಮೇಲೆ ಹತ್ತು ಜನ ಕೆಲಸದವರು ಅಂತ ಬರೆದ್ರೂ ಒಟ್ಟು ಐವತ್ತೇ ಆಯ್ತಲ್ಲ. ಆದ್ರೆ ಆಗ ಆ ಹತ್ತು ಜಾಗವನ್ನ ನನ್ನಂಥೋನು ಭಾವಮೈದುನನಿಗೆ ಕೊಡೋಕಾಗಲ್ಲ. ಎರಡನ್ನೂ ಒಂದೇ ಚೀಲಕ್ಕೆ ಹಾಕಿದ್ರೆ ಯಾವನೇ ಆಗ್ಲಿ ಮೊದಲು ವಾಲಗ ತೆಗೀತಾನೆ, ಅವನದ್ದು ತಪ್ಪು ಅಂತಾನೂ ಹೇಳೋಕಾಗಲ್ಲ.

ನಮ್ಮ ವಾಲಗದ ಯಜಮಾನ ನನಗೆ ಇಪ್ಪತ್ತು ವರ್ಷದ ಪರಿಚಯ. ಕ್ಷೌರದ ಅಂಗಡಿ, ಜೊತೆಗೆ ನಾದಸ್ವರ. ನನ್ನ ಮದುವೇಲಿ ಊದಿದ್ದು ಅವನ ಅಪ್ಪ. ಲಾಕ್‌ಡೌನಲ್ಲಿ ಅಂಗಡಿ ಬಾಗಿಲು, ಮದುವೆ ಇಲ್ಲ, ಜಾತ್ರೆ ಇಲ್ಲ, ದೇವರ ಉತ್ಸವ ಇಲ್ಲ. ಹೋದ ವರ್ಷ ಕ್ಷೌರಿಕರಿಗೆ 5000 ಅಂತ ಸರ್ಕಾರ ಹೇಳ್ತು, ಈ ವರ್ಷ ಮೇ 19ರ ಪ್ಯಾಕೇಜಲ್ಲಿ ಕ್ಷೌರಿಕರಿಗೆ 2000, ಕಲಾವಿದರಿಗೆ 3000 ಅಂತು. ನೀನು ಯಾವುದಕ್ಕೆ ಅರ್ಜಿ ಹಾಕ್ದೆ ಅಂತ ಕೇಳ್ದೆ. "ಅಣ್ಣ, ಕತ್ತರಿಗೆ ಹಾಕಿದೀನಿ, ಊದೋದಕ್ಕೆ ಹಾಕೋಕೆ ಕಲಾವಿದ ಅಂತ ತೋರಿಸ್ಬೇಕು, ನಾವು ಊದಿದ್ದಕ್ಕೆ ಯಾರು ರಸೀದಿ ಕೊಟ್ಟವ್ರೆ" ಅಂದ. ನಾನೂ ಕೊಟ್ಟಿಲ್ಲ, ಇಪ್ಪತ್ತು ವರ್ಷದಲ್ಲಿ ಒಂದು ಚೀಟಿ ಬರ್ಕೊಟ್ಟಿಲ್ಲ.

ಜೂನ್ ಮೊದಲ ವಾರ ಬೆಳಗ್ಗೆ ಅವನು ಅಂಗಡಿ ಹತ್ರ ಬಂದು ಒಂದು ಪಕ್ಕಕ್ಕೆ ನಿಂತ. ರಶ್ ಕಮ್ಮಿ ಆದ್ಮೇಲೆ ಜೇಬಿಂದ ಸಾವಿರ ರೂಪಾಯಿ ತೆಗೆದು ಗಲ್ಲಾ ಮೇಲಿಟ್ಟ. ಏನಪ್ಪಾ ಇದು ಅಂದ್ರೆ, ಫೆಬ್ರವರೀಲಿ ಕೊಟ್ಟ ಎರಡು ಸಾವಿರ ಅಡ್ವಾನ್ಸಲ್ಲಿ ಅರ್ಧ, ಉಳಿದಿದ್ದು ಮುಂದಿನ ತಿಂಗಳು ಅಂದ. ನನ್ನ ಬಾಯಿ ಕಟ್ಟಿಹೋಯ್ತು. ಯಾಕಂದ್ರೆ ಅದೇ ವಾರ ನಾನು ಛತ್ರದವರ ಹತ್ರ ನನ್ನ ಇಪ್ಪತ್ತು ಸಾವಿರ ಅಡ್ವಾನ್ಸ್ ವಾಪಸ್ ಕೇಳೋಕೆ ಹೋಗಿ, ಮುಂದಿನ ಫಂಕ್ಷನ್‌ಗೆ ಅಡ್ಜಸ್ಟ್ ಮಾಡ್ಕೊಡ್ತೀವಿ ಅಂತ ಹೇಳಿಸ್ಕೊಂಡು ಬಂದಿದ್ದೆ. ಇರೋದು ಒಬ್ಬಳೇ ಮಗಳು, ಮಗ ಇನ್ನೂ ಪಿಯುಸಿ, ಇನ್ಯಾವ ಫಂಕ್ಷನ್‌ಗೆ ಅಡ್ಜಸ್ಟ್ ಮಾಡ್ಕೊಳ್ಲಿ. ವಾಲಗದವನ ಸಾವಿರ ನಾನು ಮುಟ್ಟಲಿಲ್ಲ, ಅವನೂ ತಗೊಂಡು ಹೋಗ್ಲಿಲ್ಲ, ಕೊನೆಗೆ ಅಕ್ಕಿ ಬೇಳೆ ಎಣ್ಣೆ ಕಟ್ಟಿಸ್ಕೊಂಡು ಹೋಗು ಅಂದಾಗ ಒಪ್ಪಿದ, ಅದರಲ್ಲೂ ಎಣ್ಣೆ ಬೇಡ ಅಂದ. ಈಗ್ಲೂ ಸಂಜೆ ಹೊತ್ತು ಕೆರೆ ಹಿಂದಿನ ತೋಟದಿಂದ ನಾದಸ್ವರದ ಸದ್ದು ಕೇಳುತ್ತೆ, ಊದೋಕೆ ಉಸಿರು ಹಿಡಿಯೋ ಅಭ್ಯಾಸ ತಪ್ಪಿಹೋಗ್ಬಾರ್ದು ಅಂತ ಒಬ್ಬನೇ ಊದ್ತಾನಂತೆ.

ಅಂಗಡಿ ಕಡೆಯಿಂದ ನೋಡಿದ್ರೂ ಅಷ್ಟೇ. ಸಾವಿರ ಜನದ ಮದುವೆ ಅಂದ್ರೆ ಕ್ವಿಂಟಾಲ್ ಅಕ್ಕಿ, ಐವತ್ತು ಜನಕ್ಕೆ ಐದು ಕೆಜಿ. ಆ ನಷ್ಟ ನಾನು ತಡ್ಕೋತೀನಿ, ಜನ ಮನೇಲಿ ಕೂತು ಉಣ್ಣೋದಂತೂ ಬಿಟ್ಟಿಲ್ಲ. ಎಲೆ ಕಟ್ಟೋರು, ಶಾಮಿಯಾನದೋರು, ಮದುವೆ ಶಾಸ್ತ್ರದ ಐರಣೆ ಮಡಕೆ ಮಾಡೋ ಕುಂಬಾರಮ್ಮ, ಬಳೆ ತೊಡಿಸೋರು, ಇವರಿಗೆ ವರ್ಷಕ್ಕೆ ನಾಲ್ಕು ತಿಂಗಳ ದುಡಿಮೆ ಅದು, ಎರಡು ವರ್ಷ ಸೇರಿ ಎಂಟು ತಿಂಗಳು ಹೋಯ್ತು.

ಇನ್ನೊಂದು, ಟೈಮಿಂಗ್. ಜೂನ್ 28ರಿಂದ ಛತ್ರದಲ್ಲಿ ನಲವತ್ತು ಜನ ಅಂದ್ರು, ತಹಶೀಲ್ದಾರ್ ಪರ್ಮಿಶನ್ನು, ಒಬ್ಬೊಬ್ಬರ ಹೆಸರಿಗೂ ಪಾಸು. ಜುಲೈ 5ರಿಂದ ನೂರು ಜನ ಅಂದ್ರು. ಬಹಳ ಸಂತೋಷ. 11ಕ್ಕೆ ಆಷಾಢ ಹುಟ್ತು! ಆರು ದಿನದಲ್ಲಿ ನೂರು ಜನದ ಮದುವೆ ಯಾರು ಮಾಡ್ತಾರೆ, ಆದೇಶ ಬರೆಯೋರ ಮನೆ ಗೋಡೆ ಮೇಲೆ ಒಂದು ಕ್ಯಾಲೆಂಡರ್ ಇಲ್ವಾ ಅಂತ ನಮ್ಮ ತಾಯಿ ಕೇಳ್ತಾರೆ.

ಆಗಸ್ಟ್ 9ಕ್ಕೆ ಶ್ರಾವಣ ಶುರು. ಮೂರನೇ ಅಲೆ ಅಂತಿದ್ದಾರೆ, ಮತ್ತೆ ನಂಬರ್ ಇಳಿಸ್ಬೇಕಾದ್ರೆ ಇಳಿಸ್ಲಿ, ಆದ್ರೆ ಹದಿನೈದು ದಿನ ಮುಂಚೆ ಹೇಳ್ಲಿ, ಕೆಲಸದವರ ಲೆಕ್ಕ ಬೇರೆ ಬರೀಲಿ, ಪಾಸು ಕೊಡೋ ಕೆಲಸ ಪಂಚಾಯ್ತಿಗೆ ಬಿಡ್ಲಿ, ಒಂದು ಸಹಿಗೆ ಬಸ್ಸಿಲ್ಲದ ಟೈಮಲ್ಲಿ ತಾಲ್ಲೂಕಿಗೆ ಮೂರು ಸಲ ಓಡಾಡಿದ್ದು ಸಾಕಾಗಿದೆ. ಛತ್ರದ ಅಡ್ವಾನ್ಸ್ ವಿಷಯಕ್ಕೂ ಆ ಆದೇಶದಲ್ಲಿ ಒಂದು ಸಾಲು ಹಾಕಿದ್ರೆ ನನ್ನಂಥ ಎಷ್ಟೋ ಜನಕ್ಕೆ ಉಪಕಾರ ಆಗುತ್ತೆ.

ಮಗಳು ಅಳಿಯ ಶ್ರಾವಣದಲ್ಲಿ ಮನೆಗೆ ಬರ್ತಾರೆ, ಒಂದು ಸತ್ಯನಾರಾಯಣ ಪೂಜೆ ಇಟ್ಕೊಂಡಿದೀವಿ, ಮನೆಯವರು ಮಾತ್ರ. ಮೊನ್ನೆ ನೋಟ್‌ಬುಕ್ ತೆಗೆದು ಪಟ್ಟಿ ಬರೆಯೋಕೆ ಕೂತೆ, ಈ ಸಲ ವಾಲಗದವರ ಐದು ಹೆಸರು ಮೊದಲು ಬರೆದೆ, ಪೆನ್ನಲ್ಲಿ.

ಇತಿ ನಮಸ್ಕಾರಗಳು,
ಒಬ್ಬ ದಿನಸಿ ಅಂಗಡಿಯವನು,
ತುಮಕೂರು ಜಿಲ್ಲೆ